ಬಲ್ಬ್ ಬದಲಿಸುವ ಮುಂಚೆ ವೈರ್ ನೋಡಿ

ನನ್ನ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇದೆ. ಭಾವಮೈದ ತಂದಿಟ್ಟು ಹೋದದ್ದು. ಒಳಗೆ ಕಾರಿನ ಹೆಡ್‌ಲೈಟ್‌ಗೆ ಹಾಕುವ ಎರಡು ಎಲ್‌ಇಡಿ ಬಲ್ಬುಗಳಿವೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಜೋಡಿಗೆ 200 ವ್ಯಾಟ್, 20,000 ಲ್ಯೂಮೆನ್ (ಲ್ಯೂಮೆನ್ ಅಂದರೆ ಬೆಳಕಿನ ಅಳತೆ) ಎಂದು ಬರೆದಿದೆ. ಅವನು ಮಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಶನಿವಾರ ರಾತ್ರಿ ಶಿರಾಡಿ ಘಾಟ್ ಹತ್ತಿ ಹಾಸನಕ್ಕೆ ಬರುತ್ತಾನೆ. ಹಳೆಯ ಕಾರು, ತಂತಿ ಕಾದು ಉರಿಯುವ ಹ್ಯಾಲೋಜನ್ ಲೈಟು. "ಭಾವ, ಎದುರಿಗೆ ಏನೂ ಕಾಣಲ್ಲ, ಮೇಣದಬತ್ತಿ ಹಿಡ್ಕೊಂಡು ಓಡಿಸಿದ ಹಾಗಿದೆ. ಇದನ್ನ ಹಾಕ್ಕೊಡಿ, ಹತ್ತು ನಿಮಿಷದ ಕೆಲಸ" ಅಂದ.

ಕೆಲಸ ಹತ್ತು ನಿಮಿಷದ್ದೇ, ಸುಳ್ಳಲ್ಲ. ಬಾನೆಟ್ ಎತ್ತಿ, ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಕ್ಲಿಪ್ ಬಿಚ್ಚಿ, ಹಳೆ ಬಲ್ಬ್ ಎಳೆದು ಹೊಸದನ್ನು ತುರುಕಿದರೆ ಮುಗಿಯಿತು. ಅಷ್ಟು ಸುಲಭ ಅನ್ನುವುದಕ್ಕೇ ಇವತ್ತು ನಮ್ಮ ರಸ್ತೆಗಳಲ್ಲಿ ರಾತ್ರಿ ಹೊತ್ತು ಎದುರಿನ ಬೆಳಕಿಗೆ ಕಣ್ಣು ಬಿಡಲಾಗದ ಹಾಗಾಗಿರುವುದು.

ಮೊದಲು ಡಬ್ಬಿಯ ಲೆಕ್ಕ ನೋಡೋಣ. ಜೋಡಿಗೆ 200 ವ್ಯಾಟ್ ಅಂದರೆ ಒಂದಕ್ಕೆ 100. ಕಾರಿನ 12 ವೋಲ್ಟ್‌ನಲ್ಲಿ 100 ವ್ಯಾಟ್ ಬೇಕಾದರೆ ಒಂದು ಬಲ್ಬ್ 8 ಆಂಪಿಯರ್‌ಗಿಂತ ಜಾಸ್ತಿ ಎಳೆಯಬೇಕು. ಬ್ಯಾಟರಿಗೆ ನೇರವಾಗಿ ಕೊಟ್ಟು ನಡುವೆ ಮೀಟರ್ ಇಟ್ಟೆ. 2 ಆಂಪಿಯರ್ ಕೂಡ ಮುಟ್ಟಲಿಲ್ಲ. ಅಂದರೆ ಹೆಚ್ಚೂಕಡಿಮೆ 23 ವ್ಯಾಟ್. ಒಳ್ಳೆಯ ಎಲ್‌ಇಡಿ ಚಿಪ್ ಒಂದು ವ್ಯಾಟ್‌ಗೆ 100ರಿಂದ 120 ಲ್ಯೂಮೆನ್ ಕೊಟ್ಟಿತು ಅಂತ ಉದಾರವಾಗಿ ಹಿಡಿದರೂ ಒಂದು ಬಲ್ಬಿಗೆ ಎರಡೂವರೆ ಸಾವಿರ ಲ್ಯೂಮೆನ್ ಆಸುಪಾಸು. ಹತ್ತು ಸಾವಿರ ಎಲ್ಲಿ, ಎರಡೂವರೆ ಸಾವಿರ ಎಲ್ಲಿ? ನಿಜವಾಗಿಯೂ 100 ವ್ಯಾಟ್ ಉರಿದಿದ್ದರೆ ಹಿಂದೆ ಅಂಟಿಸಿರುವ ಹೆಬ್ಬೆರಳು ಗಾತ್ರದ ಫ್ಯಾನ್ ಆ ಬಿಸಿ ತಡೆಯುತ್ತಲೂ ಇರಲಿಲ್ಲ.

ಆದರೆ ಒಂದು ಮಾತು. ಎರಡೂವರೆ ಸಾವಿರವೂ ಕಡಿಮೆಯೇನಲ್ಲ. ನಮ್ಮಲ್ಲಿ ಬಹಳ ಕಾರುಗಳಲ್ಲಿರುವುದು ಎಚ್4 ಅನ್ನುವ ಮೂರು ಪಿನ್ನಿನ ಬಲ್ಬ್. 60/55 ವ್ಯಾಟ್. ದೂರಕ್ಕೆ ಬೀಳುವ ಹೈ ಬೀಮ್‌ಗೆ 60, ಡಿಮ್ ಮಾಡಿದಾಗ ತಗ್ಗಿಗೆ ಬೀಳುವ ಲೋ ಬೀಮ್‌ಗೆ 55. ಅದರ ಅಳತೆಯ ಪ್ರಕಾರ ಲೋ ಬೀಮ್‌ನಲ್ಲಿ ಸುಮಾರು 1,000 ಲ್ಯೂಮೆನ್, ಹೈ ಬೀಮ್‌ನಲ್ಲಿ 1,650. ಹಾಗಾಗಿ ಎಲ್‌ಇಡಿ ಹಾಕಿದವರು "ಬೆಳಕು ಜಾಸ್ತಿ ಆಯ್ತು" ಅಂದರೆ ಅದು ಭ್ರಮೆಯಲ್ಲ. ಜಾಸ್ತಿಯಾದ ಬೆಳಕು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಡಬ್ಬಿ ಹೇಳುವುದಿಲ್ಲ.

ಅದು ತಿಳಿಯಬೇಕಾದರೆ ಎಚ್4 ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಗಾಜು ಮುಟ್ಟಬೇಡಿ, ತಳದ ಲೋಹ ಹಿಡಿಯಿರಿ. ಬೆರಳಿನ ಜಿಡ್ಡು ಗಾಜಿಗೆ ಅಂಟಿದರೆ ಆ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಸಾಯುತ್ತದೆ. ಒಳಗೆ ಎರಡು ತಂತಿ ಸುರುಳಿಗಳಿವೆ. ಮುಂದಿನ ಸುರುಳಿಯ ಕೆಳಗೆ ಚಮಚದಂಥ ಒಂದು ಪುಟ್ಟ ತಗಡು. ಲೋ ಬೀಮ್‌ನ ಗುಟ್ಟೆಲ್ಲ ಇರುವುದು ಆ ಚಮಚದಲ್ಲಿ. ಅದು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ. ಮೇಲಕ್ಕೆ ಹೋದ ಬೆಳಕು ಮಾತ್ರ ಹಿಂದಿನ ಕನ್ನಡಿಯಂಥ ಬಟ್ಟಲಿನ (ರಿಫ್ಲೆಕ್ಟರ್) ಮೇಲರ್ಧಕ್ಕೆ ಬಡಿದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಹಾಗಾಗಿಯೇ ಲೋ ಬೀಮ್‌ಗೆ ಮೇಲ್ಗಡೆ ಗೆರೆ ಎಳೆದ ಹಾಗೆ ಒಂದು ಅಂಚು ಇರುತ್ತದೆ. ಆ ಗೆರೆಯ ಮೇಲೆ ಕತ್ತಲೆ, ಕೆಳಗೆ ಬೆಳಕು. ಚಮಚದ ಒಂದು ಅಂಚು 15 ಡಿಗ್ರಿ ಓರೆ. ಅದರಿಂದ ಎಡಗಡೆಯ ಬೆಳಕು ಸ್ವಲ್ಪ ಮೇಲೇಳುತ್ತದೆ. ರಸ್ತೆ ಪಕ್ಕದ ಫಲಕ, ಕಾಲುದಾರಿ, ನಡೆದು ಹೋಗುವವರು ಕಾಣಲಿ ಅಂತ. ಬಲಗಡೆ ಮಟ್ಟಸ. ಅಲ್ಲಿ ಎದುರಿಂದ ಬರುವವರ ಕಣ್ಣಿರುತ್ತದಲ್ಲ.

ಈಗಿನ ಲೈಟುಗಳಲ್ಲಿ ಮುಂದಿನ ಗಾಜು ಬೋಳಾಗಿದ್ದು, ಹಿಂದಿನ ಬಟ್ಟಲಿನಲ್ಲೇ ಹತ್ತಾರು ಕನ್ನಡಿ ತುಂಡುಗಳಂಥ ಮುಖಗಳಿರುತ್ತವೆ. ಪ್ರತಿ ತುಂಡಿನ ಓರೆಯನ್ನೂ ಆ ಸುರುಳಿ ಕೂತಿರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಲೆಕ್ಕ ಮಿಲಿಮೀಟರ್‌ನದ್ದು. ಈಗ ಆ ಜಾಗಕ್ಕೆ ಎಲ್‌ಇಡಿ ಬಂತು ಅನ್ನಿ. ಸುರುಳಿ ಸುತ್ತಲೂ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ, ಒಂದು ಚಪ್ಪಟೆ ಪಟ್ಟಿಯ ಎರಡು ಬದಿಗೆ ಅಂಟಿಸಿದ ಚಿಪ್‌ಗಳು ಎಡಕ್ಕೂ ಬಲಕ್ಕೂ ಉಗುಳುತ್ತವೆ. ಪಟ್ಟಿ ಸ್ವಲ್ಪ ದಪ್ಪವಾದರೆ, ಚಿಪ್ ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಆದರೆ, ಬಲ್ಬ್ ಕೂರುವ ಬಳೆಯಲ್ಲಿ ಅದು ಸ್ವಲ್ಪ ತಿರುಗಿ ಕೂತರೆ, ಬಟ್ಟಲಿನ ಲೆಕ್ಕವೆಲ್ಲ ತಪ್ಪುತ್ತದೆ. ಗೆರೆ ಕರಗುತ್ತದೆ. ಬೆಳಕು ಮರದ ಕೊಂಬೆಗೂ ಬೀಳುತ್ತದೆ, ಎದುರಿನವರ ಕಣ್ಣಿಗೂ ಬೀಳುತ್ತದೆ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಭಾವಮೈದನಂತೂ ನಂಬಲಿಲ್ಲ. ಅದಕ್ಕೆ ರಾತ್ರಿ ಕಾರನ್ನು ಹತ್ತಿರದ ಕಲ್ಯಾಣ ಮಂಟಪದ ಹಿಂದಿನ ಗೋಡೆಯ ಮುಂದೆ ನಿಲ್ಲಿಸಿದೆವು. ನೆಲ ಸಮತಟ್ಟು, ಗೋಡೆಗೆ ಹತ್ತು ಮೀಟರ್ ದೂರ. ಒಂದು ಕಡೆ ಹಳೆಯ ಬಲ್ಬ್, ಇನ್ನೊಂದು ಕಡೆ ಹೊಸ ಎಲ್‌ಇಡಿ. ಹ್ಯಾಲೋಜನ್ ಕಡೆ ಮಂಕಾಗಿದ್ದರೂ ಗೆರೆ ಸ್ಪಷ್ಟ. ಎಲ್‌ಇಡಿ ಕಡೆ ಗೋಡೆಯೆಲ್ಲ ಬೆಳ್ಳಗೆ, ನಡುವೆ ಎರಡು ಕಪ್ಪು ಪಟ್ಟೆ. ಲೋ ಬೀಮ್ ಹಾಕಿದ್ದರೂ ಎರಡನೇ ಮಹಡಿಯ ಕಿಟಕಿ ಬೆಳಗುತ್ತಿತ್ತು. "ನೀನು ಹೋಗಿ ಗೋಡೆ ಹತ್ತಿರ ನಿಂತ್ಕೊ, ಕಾರಿನ ಕಡೆ ನೋಡು" ಅಂದೆ. ಹೋದ. ಎರಡು ಸೆಕೆಂಡಿಗೆ ಕೈ ಅಡ್ಡ ಹಿಡಿದ.

ಗೋಡೆಯ ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಖರ್ಚಿಲ್ಲ. ಟೈರಿನಲ್ಲಿ ಗಾಳಿ ಸರಿ ಇರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿ. ಹತ್ತು ಮೀಟರ್ ದೂರದಲ್ಲಿ ಲೋ ಬೀಮ್‌ನ ಗೆರೆ ಆ ಗುರುತಿಗಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಲೈಟ್ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಬೆಳಕು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಗೆರೆ ಗುರುತಿನ ಮೇಲಿದ್ದರೆ ನೀವು ಎದುರಿನವರಿಗೆ ತೊಂದರೆ ಕೊಡುತ್ತಿದ್ದೀರಿ. ತೀರಾ ಕೆಳಗಿದ್ದರೆ ನಿಮಗೇ ರಸ್ತೆ ಕಾಣುತ್ತಿಲ್ಲ. ಹೆಡ್‌ಲೈಟಿನ ಹಿಂದೆ ಇದನ್ನು ಸರಿಪಡಿಸುವ ಸ್ಕ್ರೂ ಇರುತ್ತದೆ. ಬಹಳ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದಿರುವ ಒಂದು ಚಿಕ್ಕ ಗಾಲಿಯೂ ಇರುತ್ತದೆ. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದಲ್ಲ, ಆಗ ಬೆಳಕನ್ನು ಕೆಳಗಿಳಿಸಲು ಅದು. ಅದನ್ನು ಎಸಿಯದ್ದು ಅಂದುಕೊಂಡವರನ್ನು ನಾನು ನೋಡಿದ್ದೇನೆ.

ಕಣ್ಣು ಕೋರೈಸಿದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಸಣ್ಣ ಲೆಕ್ಕ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಎದುರಿನ ಬೆಳಕು ದಾಟಿದ ಮೇಲೆ ಕಣ್ಣು ಕತ್ತಲೆಗೆ ಮರಳಲು ಮೂರು ಸೆಕೆಂಡ್ ಹಿಡಿದರೆ ಕಾರು 66 ಮೀಟರ್ ಕುರುಡಾಗಿ ಓಡಿರುತ್ತದೆ. ಐದಾರು ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ವಯಸ್ಸಾದ ಹಾಗೆ ಈ ಸಮಯ ಜಾಸ್ತಿಯಾಗುತ್ತದೆ. ಪೊರೆ ಶುರುವಾಗಿದ್ದರಂತೂ ಬೆಳಕು ಕಣ್ಣೊಳಗೇ ಚದುರಿ ಇಡೀ ನೋಟ ಮಂಜಾಗುತ್ತದೆ. ಇನ್ನೂ ಒಂದು ಅಪಾಯವಿದೆ, ಅದು ಕಡಿಮೆ ಜನಕ್ಕೆ ಗೊತ್ತು. ಎದುರುಬದುರಾಗುವ ಎರಡು ವಾಹನಗಳ ನಡುವೆ ರಸ್ತೆ ದಾಟುವವನು ಇಬ್ಬರಿಗೂ ಕಾಣುವುದೇ ಇಲ್ಲ. ಎರಡೂ ಕಡೆಯಿಂದ ಅವನ ಮೇಲೆ ಬೆಳಕು ಬಿದ್ದಿರುತ್ತದೆ. ಆದರೆ ನೋಡುವ ಕಣ್ಣುಗಳು ಎದುರಿನ ಲೈಟಿಗೆ ಸೋತಿರುತ್ತವೆ. ಹೆದ್ದಾರಿಯ ನಡುವೆ ಕಣಗಿಲೆ, ಬೋಗನ್‌ವಿಲ್ಲಾ ಬೆಳೆಸುವುದು ಬರೀ ಚೆಂದಕ್ಕಲ್ಲ. ಆಚೆ ಬದಿಯ ಬೆಳಕನ್ನು ತಡೆಯುವ ಹಸಿರು ಪರದೆ ಅದು. ನಡುವೆ ವಿಭಜಕವೇ ಇಲ್ಲದ ಜಿಲ್ಲಾ ರಸ್ತೆಗಳಲ್ಲಿ ಆ ಪರದೆಯೂ ಇಲ್ಲ.

ಹಾಕಿಕೊಂಡವರಿಗಾದರೂ ಪೂರ್ತಿ ಲಾಭವೇ? ಅದೂ ಇಲ್ಲ. ಕಾರಿನ ಮೂಗಿನ ಕೆಳಗೇ ಬೆಳ್ಳನೆ ಬೆಳಕು ಸುರಿದರೆ ನಮ್ಮ ಕಣ್ಣಿನ ಪಾಪೆ ಅದಕ್ಕೆ ತಕ್ಕಂತೆ ಸಣ್ಣದಾಗುತ್ತದೆ. ಆಗ ದೂರದ ಕತ್ತಲೆ ಇನ್ನೂ ಕತ್ತಲೆಯಾಗುತ್ತದೆ. ಹತ್ತಿರ ಹಗಲು, ದೂರ ಅಮಾವಾಸ್ಯೆ. ಘಾಟಿಯ ಮಂಜಿನಲ್ಲಂತೂ ಗೆರೆ ಇಲ್ಲದ ಬೆಳಕು ಮೇಲಕ್ಕೆ ಹೋಗಿ ಹನಿಗಳಿಗೆ ಬಡಿದು ವಾಪಸ್ ನಮ್ಮ ಮುಖಕ್ಕೇ ಬರುತ್ತದೆ. ಮಂಜಿಗೆ ಹಳದಿ ಬಣ್ಣವೇ ಮದ್ದು ಅನ್ನುವ ನಂಬಿಕೆ ಬಹಳ ಹಳೆಯದು. ಮಂಜಿನ ಹನಿ ದೊಡ್ಡದು, ಅದು ಹಳದಿ ಬಿಳಿ ಎರಡನ್ನೂ ಹೆಚ್ಚೂಕಡಿಮೆ ಒಂದೇ ಥರ ಚದುರಿಸುತ್ತದೆ. ನೀಲಿ ಬೆರೆತ ಬಿಳಿ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ ಅನ್ನುವುದು ನಿಜ. ಆದರೆ ಫಾಗ್ ಲೈಟ್ ಕೆಲಸ ಮಾಡುವುದು ಮುಖ್ಯವಾಗಿ ಅದು ಬಂಪರಿನಲ್ಲಿ ತಗ್ಗಾಗಿ ಕೂತು, ಮೇಲಕ್ಕೆ ಬೆಳಕು ಬಿಡದೆ ಇರುವುದರಿಂದ. ಅದೇ ಫಾಗ್ ಲೈಟಿಗೆ ಕಣ್ಣು ಕುಕ್ಕುವ ಬಲ್ಬ್ ಹಾಕಿ ಮೇಲೆತ್ತಿದರೆ ಹಳದಿಯಾದರೇನು, ಬಿಳಿಯಾದರೇನು?

ಹಾಗಾದರೆ ಹ್ಯಾಲೋಜನ್ ಲೈಟಿನಲ್ಲಿ ಎಲ್‌ಇಡಿ ಹಾಕುವುದು ಯಾವತ್ತೂ ತಪ್ಪೇ? ಜರ್ಮನಿ ಇದಕ್ಕೆ ಕೊಟ್ಟ ಉತ್ತರ ನನಗೆ ಸರಿ ಕಾಣುತ್ತದೆ. ಅಲ್ಲಿ 2020ರ ಅಕ್ಟೋಬರ್‌ನಲ್ಲಿ ಓಸ್ರಾಂ ಕಂಪನಿಯ ಒಂದು ಎಚ್7 (ಎಚ್4ರ ಹಾಗೆ ಇನ್ನೊಂದು ಬಗೆ) ಎಲ್‌ಇಡಿ ಬಲ್ಬಿಗೆ ಮೊದಲ ಬಾರಿ ರಸ್ತೆಯಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು. ಆದರೆ ಎಲ್ಲ ಕಾರಿಗೂ ಅಲ್ಲ. ಪರೀಕ್ಷೆಯಲ್ಲಿ ಪಾಸಾದ ಕಾರುಗಳ ಪಟ್ಟಿ ಇದೆ, ಅವಕ್ಕೆ ಮಾತ್ರ. ಒಪ್ಪಿಗೆ ಸಿಕ್ಕಿದ್ದು ಬರೀ ಬಲ್ಬಿಗಲ್ಲ, ಬಲ್ಬ್ ಮತ್ತು ಬಟ್ಟಲಿನ ಜೋಡಿಗೆ. ಗಂಡು ಹೆಣ್ಣು ಇಬ್ಬರ ಜಾತಕವನ್ನೂ ನೋಡಿದ ಹಾಗೆ. ನಮ್ಮಲ್ಲಿನ ಅಂಗಡಿಗಳ ಡಬ್ಬಿಯ ಮೇಲೆ "ಎಲ್ಲಾ ಕಾರುಗಳಿಗೂ ಹೊಂದುತ್ತದೆ" ಎಂದಿರುತ್ತದೆ. ಹೊಂದುವುದು ಹೋಲ್ಡರಿಗೆ ಮಾತ್ರ.

ನಮ್ಮ ಕಾನೂನು ಏನು ಹೇಳುತ್ತದೆ ಅಂದರೆ, ಹೇಳುವುದೇನೋ ಸಾಕಷ್ಟು ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇರುವುದೇ ಇದಕ್ಕೆ. ಮುಂದಿನ ಲೈಟಿನ ಬೆಳಕು ಕೆಳಮುಖವಾಗಿರಬೇಕು, ಎಂಟು ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಅದು ಕುಕ್ಕಬಾರದು. ನಾವು ಗೋಡೆಯ ಹತ್ತಿರ ಮಾಡಿದ್ದೂ ಹೆಚ್ಚೂಕಡಿಮೆ ಅದನ್ನೇ. 108ನೇ ನಿಯಮ ಮುಂದೆ ಕೆಂಪು ಬೆಳಕು ಬೇಡ ಅನ್ನುತ್ತದೆ. 111ನೇ ನಿಯಮದ ಪ್ರಕಾರ ಅನುಮತಿ ಇಲ್ಲದೆ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವ ಹಾಗಿಲ್ಲ. ಮಲೆನಾಡಿನ ಜೀಪುಗಳ ತಲೆಯ ಮೇಲೆ ಕೂರುವ ಎಲ್‌ಇಡಿ ಬಾರ್‌ಗಳಿಗೆ ಈ ನಿಯಮ ಗೊತ್ತಿಲ್ಲ ಅಂತ ಕಾಣುತ್ತದೆ.

ಇನ್ನು ವಾಹನದ ರೂಪ ಬದಲಿಸುವ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನು ನೋಡಿಕೊಳ್ಳುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣಗಳಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಒಪ್ಪಿಗೆ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಬಲ್ಬ್ ಬದಲಿಸುವುದು "ವಾಹನದ ಮೂಲ ಲಕ್ಷಣ" ಬದಲಿಸಿದ ಹಾಗೆ ಆಗುತ್ತದೆಯೇ? ವಕೀಲರು ಎರಡೂ ಕಡೆ ವಾದ ಮಾಡಬಹುದು. ಕಂಪನಿ ಹೇಳಿದ 60/55 ವ್ಯಾಟಿನ ಬಲ್ಬ್ ಸುಟ್ಟುಹೋಗಿ ಅದೇ ಥರದ್ದು ಹಾಕಿದರೆ ಯಾರೂ ಕೇಳುವುದಿಲ್ಲ, ಅದು ಸ್ಪಷ್ಟ.

ಕರ್ನಾಟಕದಲ್ಲಿ 2024ರಲ್ಲಿ ಆಗಿನ ಸಂಚಾರ ಮತ್ತು ರಸ್ತೆ ಸುರಕ್ಷತೆ ಎಡಿಜಿಪಿ ಅಲೋಕ್ ಕುಮಾರ್, ಕಣ್ಣು ಕೋರೈಸುವ ಎಲ್‌ಇಡಿ ಲೈಟ್ ಹಾಕಿದ ವಾಹನಗಳ ಮೇಲೆ ಜುಲೈನಿಂದ ಪ್ರಕರಣ ದಾಖಲಿಸಲು ರಾಜ್ಯದ ಪೊಲೀಸರಿಗೆ ಸೂಚಿಸಿದರು. ಬಳಸಿದ್ದು 177ನೇ ಕಲಂ. ಬೇರೆ ಶಿಕ್ಷೆ ಹೇಳದ ತಪ್ಪುಗಳಿಗೆಲ್ಲ ಇರುವ ಸಾಮಾನ್ಯ ಕಲಂ ಅದು. ಕಾಯ್ದೆಯ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಆಮೇಲೆ 1,500ರವರೆಗೆ ದಂಡ. ಆಗ ಒಂದಷ್ಟು ದಿನ ರಸ್ತೆ ತಂಪಾಗಿತ್ತು ಅಂತ ನನಗೆ ಅನ್ನಿಸಿತ್ತು. ಈಗ ಮತ್ತೆ ಮಾಮೂಲು.

ಏಕೆ ನಿಲ್ಲುವುದಿಲ್ಲ ಅಂದರೆ ತಡೆಯುವ ಜಾಗವೇ ನಮ್ಮಲ್ಲಿ ಇಲ್ಲ. ಲಾರಿ, ಬಸ್, ಟ್ಯಾಕ್ಸಿಗಳು ಎಫ್‌ಸಿಗೆ, ಅಂದರೆ ವಾಹನ ಓಡಿಸಲು ಯೋಗ್ಯವಾಗಿದೆ ಅನ್ನುವ ಪ್ರಮಾಣಪತ್ರದ ಪರೀಕ್ಷೆಗೆ ಹೋಗಲೇಬೇಕು. ಅಲ್ಲಿ ಲೈಟು ನೋಡುತ್ತಾರೆ, ಕನಿಷ್ಠ ನೋಡುವ ಅವಕಾಶವಿದೆ. ಸ್ವಂತ ಕಾರಿಗೆ ನೋಂದಣಿಯೇ 15 ವರ್ಷಕ್ಕೆ. ಅಷ್ಟು ವರ್ಷ ಹೊಗೆ ಪರೀಕ್ಷೆ ಬಿಟ್ಟರೆ ಯಾರೂ ಅದನ್ನು ಮುಟ್ಟಿ ನೋಡುವುದಿಲ್ಲ. ಹೊಗೆಗೆ ಚೀಟಿ ಇದೆ, ಬೆಳಕಿಗೆ ಇಲ್ಲ. ರಸ್ತೆಯಲ್ಲಿ ನಿಂತ ಪೊಲೀಸರ ಕೈಯಲ್ಲಿ ಹತ್ತು ಮೀಟರ್ ಗೋಡೆ ಇರುವುದಿಲ್ಲ. ಬಿಳಿ ಕಂಡರೆ ಹಿಡಿಯುತ್ತಾರೆ. ಆಗ ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರಿನವರು ಜಗಳಕ್ಕೆ ನಿಲ್ಲುತ್ತಾರೆ, ಅವರ ಜಗಳ ನ್ಯಾಯದ್ದೇ. ಇತ್ತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ, ಮೊಬೈಲಿನಲ್ಲಿ ಕೊಳ್ಳುವ ಆನ್‌ಲೈನ್ ಅಂಗಡಿಗಳಲ್ಲೂ ಅದೇ ಡಬ್ಬಿ ರಾಜಾರೋಷವಾಗಿ ಸಿಗುತ್ತದೆ. ಸರ್ಕಾರ ಸುರಕ್ಷತೆಗೆ ಮುಖ್ಯ ಎಂದು ಗುರುತಿಸಿದ ಬಿಡಿಭಾಗವನ್ನು ಮಾನದಂಡವಿಲ್ಲದೆ ಮಾರಿದವರಿಗೂ 182ಎ ಕಲಂನಲ್ಲಿ ಶಿಕ್ಷೆ ಇದೆ. ಆದರೆ ರಸ್ತೆಯಲ್ಲಿ ಸಿಕ್ಕಿಬೀಳುವವನು ಕೊಂಡವನು, ಮಾರಿದವನಲ್ಲ.

ಕಂಪನಿಯ ಎಲ್‌ಇಡಿ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ತಪ್ಪೆಲ್ಲ ಮನೆಯಲ್ಲಿ ಬಲ್ಬ್ ಬದಲಿಸಿದವರದ್ದಲ್ಲ. ಈಗ ಎತ್ತರದ ಎಸ್‌ಯುವಿಗಳ ಕಾಲ. ಅದರ ಲೈಟು ಚಿಕ್ಕ ಕಾರಿನ ಚಾಲಕನ ಕಣ್ಣಿನ ಮಟ್ಟಕ್ಕೆ ಹತ್ತಿರ ಬಂದಿರುತ್ತದೆ. ಗೆರೆ ಸರಿಯಾಗಿದ್ದರೂ ಪ್ರತಿ ಹಂಪ್ ಹತ್ತುವಾಗ ಆ ಗೆರೆ ಎದುರಿನವರ ಮುಖದ ಮೇಲೆ ಹಾದುಹೋಗುತ್ತದೆ. ನಮ್ಮಲ್ಲಿ ಹಂಪ್‌ಗಳಿಗೇನು ಬರವೇ? ಇದಕ್ಕೆ ಇನ್ನೊಂದು ತುದಿಯೂ ಇದೆ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ರೇಡಿಯಂ ಸ್ಟಿಕರ್ ಕೂಡ ಇಲ್ಲದೆ ಕತ್ತಲಲ್ಲಿ ಹೋಗುತ್ತಿರುತ್ತವೆ. ಅದಕ್ಕೆ ಹೆದರಿ ಕಾರಿನವರು ಲೈಟ್ ಏರಿಸುತ್ತಾರೆ. ಲಾರಿಗಳ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಎಂದು ಬರೆಸುತ್ತಿದ್ದ ಕಾಲದಲ್ಲಿ ಡಿಮ್ ಮಾಡಿದರೆ ಎದುರಿನವರೂ ಡಿಮ್ ಮಾಡುತ್ತಿದ್ದರು. ಈಗ ಲೋ ಬೀಮೇ ಕುಕ್ಕುತ್ತಿದ್ದರೆ ಡಿಮ್ ಮಾಡಿ ಉಪಯೋಗವೇನು? ಎದುರಿನವನು ಇವನು ಹೈ ಬೀಮ್‌ನಲ್ಲೇ ಇದ್ದಾನೆ ಅಂದುಕೊಂಡು ತಾನೂ ಏರಿಸುತ್ತಾನೆ.

ಸರಿ, ಭಾವಮೈದನ ಮೇಣದಬತ್ತಿಗೆ ಬರೋಣ. ಅವನ ದೂರು ನಿಜವಾದದ್ದು. ಹತ್ತು ಹನ್ನೆರಡು ವರ್ಷದ ಕಾರಿನಲ್ಲಿ ಹೆಡ್‌ಲೈಟ್ ಮಂಕಾಗುವುದಕ್ಕೆ ಬಲ್ಬ್ ಕಾರಣವಾಗಿರುವುದು ಕಡಿಮೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರ್ ಇಟ್ಟೆ. 14 ವೋಲ್ಟ್. ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಹೋಲ್ಡರಿನ ಹಿಂದೆ ಅಳೆದೆ. 12.2. ಒಂದೂಮುಕ್ಕಾಲು ವೋಲ್ಟ್ ದಾರಿಯಲ್ಲೇ ಮಾಯ. ಇಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಹ್ಯಾಲೋಜನ್ ಬಲ್ಬ್ ವೋಲ್ಟೇಜಿಗೆ ಬಹಳ ಸೂಕ್ಷ್ಮ. ಶೇ 5 ಇಳಿದರೆ ಬೆಳಕು ಶೇ 16ರಷ್ಟು ಇಳಿಯುತ್ತದೆ. ಶೇ 10 ಇಳಿದರೆ ಸುಮಾರು ಶೇ 30. ನಮ್ಮ ಲೆಕ್ಕದಲ್ಲಿ 14 ವೋಲ್ಟಿನಲ್ಲಿ ಸಿಗಬೇಕಾದ ಬೆಳಕಿನ ಶೇ 60ರ ಆಸುಪಾಸು ಮಾತ್ರ ಹೊರಗೆ ಬರುತ್ತಿತ್ತು. ಉಳಿದದ್ದನ್ನು ವೈರು ತಿಂದಿತ್ತು.

ಹಳೆಯ ಕಾರುಗಳಲ್ಲಿ ಕರೆಂಟು ನಡೆಯುವ ದಾರಿ ದೊಡ್ಡದು. ಬ್ಯಾಟರಿಯಿಂದ ಫ್ಯೂಸ್ ಬಾಕ್ಸು, ಅಲ್ಲಿಂದ ಸ್ಟೀರಿಂಗ್ ಹತ್ತಿರದ ಸ್ವಿಚ್ಚು, ಮತ್ತೆ ವಾಪಸ್ ಮುಂದಕ್ಕೆ ಲೈಟಿಗೆ. ಸಣ್ಣ ವೈರು, ನಡುವೆ ವೈರು ಜೋಡಿಸುವ ಐದಾರು ಕಪ್ಲರ್. ಪ್ರತಿಯೊಂದರ ಪಿನ್ನಿಗೂ ಹಸಿರು ಕಿಲುಬು. ಕೊನೆಗೆ ಅರ್ಥ್ ವೈರ್ ಬಾಡಿಗೆ ಸೇರುವ ಜಾಗದಲ್ಲಿ ತುಕ್ಕು. ಕರಾವಳಿಯ ಕಾರುಗಳಲ್ಲಿ ಅದು ಇನ್ನೂ ಜಾಸ್ತಿ, ಅಲ್ಲಿನ ಗಾಳಿಯೇ ಹಾಗೆ. ಈ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ಬೋಲ್ಟ್ ಬಿಗಿ ಮಾಡಿದ ಮಾತ್ರಕ್ಕೇ ಅರ್ಧ ವೋಲ್ಟ್ ವಾಪಸ್ ಬಂತು.

ಹಿಂದೆಲ್ಲ ಇದಕ್ಕೆ ಜನ ಮಾಡುತ್ತಿದ್ದ ಉಪಾಯ 100/90 ವ್ಯಾಟಿನ ಬಲ್ಬ್ ಹಾಕುವುದು. ಈಗಲೂ ಮಾಡುತ್ತಾರೆ. 60 ವ್ಯಾಟಿಗೆ ಅಂತ ಹಾಕಿದ ವೈರಿನಲ್ಲಿ 5 ಆಂಪಿಯರ್ ಬದಲು 8.3 ಆಂಪಿಯರ್ ಹರಿಸುವುದು ಅದು. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಸುಮಾರು ಪೌಣೇ ಮೂರು ಪಟ್ಟು. ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ಹೋಲ್ಡರ್ ಕರಗುತ್ತದೆ, ಬಟ್ಟಲಿನ ಹೊಳಪು ಸುಟ್ಟು ಕಂದಾಗುತ್ತದೆ. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಫ್ಯೂಸ್ ಹಾಕಿದರೆ ಕತೆ ಮುಗಿಯಿತು. ಆಮೇಲೆ ಫ್ಯೂಸಿನ ಬದಲು ವೈರೇ ಸುಡುತ್ತದೆ.

ಸರಿಯಾದ ದಾರಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು. ಅಂಗೈಯಲ್ಲಿ ಹಿಡಿಯುವ ಒಂದು ಕಪ್ಪು ಡಬ್ಬಿ, ನಾಲ್ಕು ಪಿನ್ನು, ಅವುಗಳ ಮೇಲೆ 30, 85, 86, 87 ಎಂದು ಅಂಕಿ. 30ಕ್ಕೆ ಬ್ಯಾಟರಿ, 87ಕ್ಕೆ ಬಲ್ಬ್, 85 ಮತ್ತು 86 ಒಳಗೆ ಆ ಸ್ವಿಚ್ಚನ್ನು ಎಳೆಯುವ ಕಾಂತದ ಸುರುಳಿಗೆ. ಹಳೆಯ ಹೆಡ್‌ಲೈಟ್ ವೈರು ಈಗ ಬಲ್ಬನ್ನು ಉರಿಸುವುದಿಲ್ಲ, ಬರೀ ರಿಲೇಯನ್ನು ಎಬ್ಬಿಸುತ್ತದೆ. ಅದಕ್ಕೆ 0.2 ಆಂಪಿಯರ್ ಸಾಕು. ನಿಜವಾದ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬಲ್ಬಿಗೆ ಹೋಗುತ್ತದೆ. ಹೈಗೆ ಒಂದು, ಲೋಗೆ ಒಂದು, ಎರಡು ರಿಲೇ ಬೇಕು. ವೈರು, ರಿಲೇ ಎಲ್ಲ ಜೋಡಿಸಿದ ಗುಚ್ಛ, ಅಂದರೆ ಹಾರ್ನೆಸ್ಸೇ ಸಿಗುತ್ತದೆ, ಸುಮ್ನೆ ಸ್ವಂತ ಸಾಹಸ ಬೇಡ.

ಹಾಕುವಾಗ ನೋಡಬೇಕಾದದ್ದು ಒಂದೆರಡಿದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು. ಫ್ಯೂಸ್ ಬ್ಯಾಟರಿಗೆ ಗೇಣುದ್ದದೊಳಗೆ ಇರಬೇಕು. ಫ್ಯೂಸಿಗಿಂತ ಮುಂಚಿನ ವೈರು ಎಲ್ಲಾದರೂ ಸವೆದು ಬಾಡಿಗೆ ತಗುಲಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲೇ ಹರಿಯುತ್ತದೆ, ತಡೆಯುವವರು ಯಾರೂ ಇಲ್ಲ. ವೈರು ಎಕ್ಸಾಸ್ಟ್ ಹತ್ತಿರ, ಫ್ಯಾನ್ ಹತ್ತಿರ ಹಾಯಬಾರದು. ವೈರು ಸುಲಿದು, ತಿರುಚಿ, ಇನ್ಸುಲೇಷನ್ ಟೇಪ್ ಸುತ್ತುವುದು ಮನೆಯ ಸೀರಿಯಲ್ ಸೆಟ್ಟಿಗೆ ಸರಿ. ಬಾನೆಟ್ ಒಳಗಿನ ಬಿಸಿಗೆ ಆ ಟೇಪಿನ ಗೋಂದು ಒಂದು ಬೇಸಿಗೆಯಲ್ಲಿ ಕರಗಿ ಜಾರುತ್ತದೆ. ಕೆಲವು ಕಾರುಗಳಲ್ಲಿ ಸ್ವಿಚ್ಚು ಪಾಸಿಟಿವ್ ಬದಲು ಅರ್ಥ್ ಕಡೆ ಇರುತ್ತದೆ. ಮೀಟರ್ ಹಿಡಿದು ನೋಡದೆ ಹಾರ್ನೆಸ್ ಕೊಂಡರೆ ದುಡ್ಡು ದಂಡ.

ಇದೆಲ್ಲ ಹಳೆಯ ಕಾರಿನ ಮಾತು. ಹೊಸ ಕಾರುಗಳಲ್ಲಿ ಲೈಟನ್ನು ಆಳುವುದು ಸ್ವಿಚ್ಚಲ್ಲ, ಒಂದು ಕಂಪ್ಯೂಟರ್. ಅದು ಬಲ್ಬ್ ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಸದಾ ನೋಡುತ್ತಿರುತ್ತದೆ. ಕಡಿಮೆ ಎಳೆದರೆ ಬಲ್ಬ್ ಹೋಗಿದೆ ಅನ್ನುತ್ತದೆ. ಹಾಗಾಗಿ ಎಲ್‌ಇಡಿ ಹಾಕಿದ ಕೂಡಲೇ ಮಿಣುಕುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರುತ್ತದೆ. ಅಲ್ಲಿ ವೈರು ಕತ್ತರಿಸಿ ಕೈ ಹಾಕಿದರೆ ವಾರಂಟಿ ಹೋಗುತ್ತದೆ. ಆಮೇಲೆ ಶಾರ್ಟ್ ಆಗಿ ಬೆಂಕಿ ಬಿದ್ದರೆ, ಹೇಳದೆ ಮಾಡಿದ ವೈರಿಂಗ್ ನೋಡಿ ವಿಮಾ ಕಂಪನಿ ತಕರಾರು ತೆಗೆಯಲು ಕಾರಣ ಸಿಕ್ಕ ಹಾಗಾಯಿತು.

ಇಂಡಿಕೇಟರಿಗೆ ಎಲ್‌ಇಡಿ ಹಾಕಿದಾಗ ಅದು ಪಟಪಟ ಬಡಿದುಕೊಳ್ಳುವುದೂ ಇದೇ ಕಾರಣಕ್ಕೆ. ಅಲ್ಲಿ 21 ವ್ಯಾಟಿನ ಬಲ್ಬ್ ಇರಬೇಕಿತ್ತು. ಒಂದು ಬಲ್ಬ್ ಸುಟ್ಟರೆ ಚಾಲಕನಿಗೆ ಗೊತ್ತಾಗಲಿ ಅಂತ ಮಾಡಿದ ವ್ಯವಸ್ಥೆ ಅದು. ಅದಕ್ಕೆ ಮಾರುಕಟ್ಟೆ ಕೊಡುವ ಮದ್ದು 6 ಓಮ್‌ನ ಒಂದು ರೆಸಿಸ್ಟರ್. ಬಲ್ಬಿನ ಬದಲು ಅದು ಕರೆಂಟು ಕುಡಿದು 24 ವ್ಯಾಟ್ ಬಿಸಿಯಾಗಿ ಹೊರಹಾಕುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಟೇಪಿನಲ್ಲಿ ಅಂಟಿಸಿದರೆ ಪ್ಲಾಸ್ಟಿಕ್ ಬೇಯುತ್ತದೆ. ಇನ್ನೂ ತಮಾಷೆ ಅಂದರೆ, ಎಲ್‌ಇಡಿ ಕೆಟ್ಟುಹೋದರೂ ರೆಸಿಸ್ಟರ್ ಕುಡಿಯುತ್ತಲೇ ಇರುತ್ತದೆ. ಇಂಡಿಕೇಟರ್ ಸತ್ತಿರುವುದು ಹಿಂದಿನವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ವೈರು ಮುಗಿಸಿ ಹೆಡ್‌ಲೈಟಿನ ಮುಖ ನೋಡಿದೆವು. ಈಗಿನ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್. ಬಿಸಿಲಿಗೆ ಅದರ ಮೇಲ್ಪದರ ಹೋಗಿ ಹಳದಿಯಾಗಿ ಮಬ್ಬಾಗುತ್ತದೆ. ಆ ಮಬ್ಬು ಬೆಳಕನ್ನು ತಡೆಯುವುದಷ್ಟೇ ಅಲ್ಲ, ಚದುರಿಸಿ ಎದುರಿನವರ ಕಡೆಗೂ ಎಸೆಯುತ್ತದೆ. ನೀರಿನಲ್ಲಿ ನೆನೆಸಿದ ಸಣ್ಣ ಎಮರಿ ಕಾಗದದಲ್ಲಿ ತಿಕ್ಕಿ, ಪಾಲಿಶ್ ಹಚ್ಚಿ, ಕೊನೆಗೆ ಬಿಸಿಲು ತಡೆಯುವ ಲೇಪ ಕೊಡಬೇಕು. ಲೇಪ ಬಿಟ್ಟರೆ ಮತ್ತೆ ಬೇಗನೆ ಹಳದಿ. ಟೂತ್‌ಪೇಸ್ಟ್ ಹಚ್ಚುವ ವಿಡಿಯೋಗಳು ತೋರಿಸುವುದು ಮೊದಲ ದಿನದ ಹೊಳಪನ್ನು ಮಾತ್ರ.

ರಿಲೇ ಹಾರ್ನೆಸ್, ಒಂದು ಜೊತೆ ಹೊಸ 60/55 ವ್ಯಾಟಿನ ಬಲ್ಬ್, ಒಂದು ಭಾನುವಾರ. ಸಂಜೆ ಹೋಲ್ಡರಿನಲ್ಲಿ 13.6 ವೋಲ್ಟ್ ಬಂತು. ವೋಲ್ಟೇಜ್ ಏರಿದ್ದಕ್ಕೆ ಬಲ್ಬಿನ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೆ ಡಿಕ್ಕಿಯಲ್ಲಿ ಒಂದು ಜೊತೆ ಇಟ್ಟುಕೊಂಡಿರು ಅಂದೆ. ಮತ್ತೆ ಅದೇ ಗೋಡೆ, ಹತ್ತು ಮೀಟರ್, ಸ್ಕ್ರೂ ತಿರುಗಿಸಿ ಗೆರೆ ಕೂರಿಸಿದೆವು. ಮುಂದಿನ ಶನಿವಾರ ಗುಂಡ್ಯ ದಾಟಿ ಫೋನ್ ಮಾಡಿದ. "ಭಾವ, ಎಡಗಡೆ ಚರಂಡಿ ಅಂಚು ಕಾಣ್ತಿದೆ" ಅಂದ. ಎಲ್‌ಇಡಿಯಷ್ಟು ಬೆಳ್ಳಗಿಲ್ಲ ಅನ್ನುವ ಬೇಜಾರು ಅವನಿಗೆ ಇನ್ನೂ ಇದೆ, ಅದನ್ನೂ ಹೇಳಿದ.

ಡಬ್ಬಿ ವಾಪಸ್ ಕೊಡಲು ಹೋದ. ಸೀಲ್ ಒಡೆದಿದೆ ಅಂತ ಅಂಗಡಿಯವರು ತಗೊಳ್ಳಲಿಲ್ಲ. ಹಾಗಾಗಿ ಅದು ನನ್ನ ಮೇಜಿನ ಮೇಲೇ ಇದೆ.